ಮನೆಗೆ ಮರಳುವ ರೈಲು

ನಮ್ಮ ಕೊಡಗು ಜಿಲ್ಲೆಗೆ ಇಂದಿಗೂ ರೈಲು ಬಂದಿಲ್ಲ. ನೆಲ್ಯಹುದಿಕೇರಿಯ ಹುಡುಗರು ರೈಲು ನೋಡಬೇಕಾದರೆ ಮೈಸೂರಿಗೆ ಹೋಗಬೇಕು. ಇಂಥ ಊರಿನಿಂದ ಬೆಂಗಳೂರಿಗೆ ಓದಲು ಬಂದ ನಾನು ರೈಲಿನ ಮೇಲೆ ಲೇಖನ ಬರೆಯಹೊರಟರೆ ವಾಚಕರಿಗೆ ನಗು ಬಂದೀತು. ಆದರೆ ಇಲ್ಲದವರಿಗಲ್ಲವೆ ಇರುವುದರ ಬೆಲೆ ತಿಳಿಯುವುದು!

ನಮ್ಮ ತರಗತಿಯಲ್ಲಿ ಕೆ.ಜಿ.ಎಫ್.ನ ಗೆಳೆಯನೊಬ್ಬನಿದ್ದಾನೆ. ಕೊನೆಯ ಪೀರಿಯಡ್ಡಿನಲ್ಲಿ ಅವನ ಕಣ್ಣು ಸದಾ ಗಡಿಯಾರದ ಮೇಲೆ. ಹಾಸ್ಟೆಲಿನವರಾದ ನಾವು ಅವನನ್ನು 'ಸ್ಟೇಷನ್ ಮಾಸ್ಟರ್' ಎಂದು ಕರೆಯುತ್ತೇವೆ. ಕಳೆದ ದಸರಾ ರಜೆಯಲ್ಲಿ ಅವನೊಡನೆ ಅವನ ಊರಿಗೆ ಹೋಗಿಬಂದೆ.

ಬಂಗಾರಪೇಟೆಯಲ್ಲಿ ಕವಲೊಡೆದು ಮಾರಿಕುಪ್ಪಂ ಸೇರುವ ಆ ರೈಲುದಾರಿಯ ಉದ್ದ ಸುಮಾರು 16 ಕಿಲೋಮೀಟರು ಮಾತ್ರ. ನಡುವಣ ಊರ್ಗಾಂ, ಚಾಂಪಿಯನ್ ಮೊದಲಾದ ನಿಲ್ದಾಣಗಳ ಹೆಸರಿನಲ್ಲೇ ಗಣಿಗಳ ನೆನಪಿದೆ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪೆನಿಯವರು ಅಲ್ಲಿ ಚಿನ್ನ ತೆಗೆಯತೊಡಗಿದರು. 1894ರಲ್ಲಿ ರೈಲು ಬಂದಿತು. ಹಬೆಯಂತ್ರಗಳಿಗೆ ಕಲ್ಲಿದ್ದಲು, ಸುರಂಗದ ಆಸರೆಗೆ ಮರ, ಭಾರಿ ಯಂತ್ರಗಳು, ಇವನ್ನೆಲ್ಲ ಎತ್ತಿನ ಗಾಡಿಯಲ್ಲಿ ಎಷ್ಟೆಂದು ಸಾಗಿಸುವುದು? 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗೆ ಬಂದು ಕಲ್ಲಿದ್ದಲಿನ ಹೊರೆ ಇಳಿಯಿತು, ರೈಲು ನಿಲ್ಲಲಿಲ್ಲ. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ಆಗಲೂ ರೈಲು ನಿಲ್ಲಲಿಲ್ಲ. ಅಂದು ಗಣಿಗೆ ಸರಕು ತಂದ ಹಳಿಯ ಮೇಲೆ ಇಂದು ಸಾವಿರಾರು ಜನ ದುಡಿಮೆಗಾಗಿ ಬೆಂಗಳೂರಿಗೆ ಹೋಗಿಬರುತ್ತಾರೆ.

ಈಗ ಓಡುವುದು ವಿದ್ಯುತ್ ಗಾಡಿ. ಎರಡು ತುದಿಯಲ್ಲೂ ಚಾಲಕನ ಕೋಣೆಯಿರುವುದರಿಂದ ಎಂಜಿನ್ ತಿರುಗಿಸುವ ಗೊಡವೆಯಿಲ್ಲ. ಮಾರಿಕುಪ್ಪಂನಲ್ಲಿ ಚಾಲಕನು ಈ ತುದಿಯಿಂದ ಆ ತುದಿಗೆ ನಡೆದರೆ ಗಾಡಿ ಮರುಪಯಣಕ್ಕೆ ಸಿದ್ಧ. ಪ್ರಯಾಣಿಕರ ಬಳಿ ತಿಂಗಳ ಪಾಸು. ಒಂದು ದಾರಿಗೇ ಎರಡು ಗಂಟೆಯ ಮೇಲಾಗುತ್ತದೆ.

ಗೆಳೆಯನ ತಾಯಿಯೂ ಇದೇ ಗಾಡಿಯಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. "ಅಮ್ಮಾ, ಬೆಂಗಳೂರಿನಲ್ಲೇ ಒಂದು ಕೋಣೆ ಹಿಡಿಯಬಾರದೆ?" ಎಂದು ಕೇಳಿದೆ. "ಬಾಡಿಗೆ ಕೊಟ್ರೆ ಇವನ ಓದಿಗೆ ಏನು ಉಳಿಯುತ್ತಪ್ಪಾ? ರಾತ್ರಿ ಮನೆ ಸೇರ್ತೀನಲ್ಲ, ಅಷ್ಟು ಸಾಕು" ಎಂದರು.

ಆ ಮಾತು ನನ್ನನ್ನು ಬಿಡಲಿಲ್ಲ. ಅವರ ಮನೆ ಗಣಿಯ ಲೈನಿನಲ್ಲಿದೆ. ನಮ್ಮದು ಕಾಫಿತೋಟದ ಲೈನಿನಲ್ಲಿ. ನನ್ನ ಅವ್ವ ಜೀಪಿನಲ್ಲಿ ತೋಟಕ್ಕೆ ಹೋಗಿ ಸಂಜೆಗೆ ಮನೆಗೆ ಬರುತ್ತಾಳೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪದವಿ ದೊರೆತ ಮೇಲೆ ಕೆಲಸ ಸಿಕ್ಕೀತು. ಆದರೆ ಆ ಕೆಲಸ ಮುಗಿಸಿ ಅವಳೊಡನೆ ಊಟಕ್ಕೆ ಕೂರುವ ಭಾಗ್ಯ ಹಬ್ಬಕ್ಕೊಮ್ಮೆ ಮಾತ್ರ.

ಹಾಗೆಂದು ಕಾಡು ಕಡಿದು ಕೊಡಗಿನ ತುಂಬ ಹಳಿ ಹಾಕಬೇಕೆಂದು ನಾನು ಹೇಳಲಾರೆ. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ನಮ್ಮೂರಿನ ಮನೆಗಳು ಬಿದ್ದುದನ್ನು ಕಂಡಿದ್ದೇನೆ. ಮೈಸೂರಿನಿಂದ ಕುಶಾಲನಗರಕ್ಕೆ ರೈಲು ತರುವ ಮಾತಂತೂ ಬಹುಕಾಲದಿಂದ ನಡೆದಿದೆ. ಬಲ್ಲವರು ಸಾಧಕಬಾಧಕಗಳನ್ನು ತೂಗಲಿ. ತೂಗುವಾಗ ಸರಕಿನ ಲೆಕ್ಕ, ಪ್ರವಾಸಿಗರ ಲೆಕ್ಕದೊಂದಿಗೆ ಸಂಜೆ ಮನೆಗೆ ಮರಳುವವರ ಲೆಕ್ಕವನ್ನೂ ಬರೆದುಕೊಳ್ಳಲಿ ಎಂಬುದಷ್ಟೇ ನನ್ನ ಬಿನ್ನಹ. ಗೆಳೆಯನನ್ನು 'ಸ್ಟೇಷನ್ ಮಾಸ್ಟರ್' ಎಂದು ಕರೆಯುವಾಗ ನನಗೀಗ ನಗುವಿಗಿಂತ ಅಸೂಯೆಯೇ ಹೆಚ್ಚು.