ಛಾಯಾಚಿತ್ರದ ಒಡೆಯನಾರು?

ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದವನಿಗೆ ಏನಾದರೊಂದು ಹವ್ಯಾಸವಿರಬೇಕೆಂದು ಹಿರಿಯರು ಹೇಳುವುದುಂಟು. ಕೆಲವರು ತೋಟಕ್ಕೆ ಇಳಿಯುತ್ತಾರೆ. ಕೆಲವರು ತಾಳಮದ್ದಳೆಯಲ್ಲಿ ಅರ್ಥ ಹೇಳತೊಡಗುತ್ತಾರೆ. ತೋಟವೂ ಇಲ್ಲದ, ಅರ್ಥಧಾರಿಯ ನಾಲಗೆಯೂ ಇಲ್ಲದ ನಾನು ಒಂದು ಕ್ಯಾಮರಾ ಕೊಂಡೆ. ಬೆಳ್ಳೂರಿನಿಂದ ನೆಟ್ಟಣಿಗೆಗೆ, ಕಿನ್ನಿಂಗಾರಿಗೆ ಅದನ್ನು ಕೊರಳಿಗೆ ತೂಗಿಕೊಂಡು ಅಲೆಯುವ ನನ್ನನ್ನು ಕಂಡು, "ಮಾಷ್ಟ್ರಿಗೆ ಈಗ ಪಟ ತೆಗೆಯುವ ಮರುಳು" ಎಂದು ಊರವರು ನಕ್ಕುದನ್ನು ನಾನು ಬಲ್ಲೆ. ನಗಲಿ. ಬೆಳಕನ್ನು ಕಾಯುತ್ತ ಅರ್ಧ ದಿನ ಒಂದೇ ಕಡೆ ನಿಂತವನಿಗೆ ಮಾತ್ರವೇ ಆ ಮರುಳಿನ ಸುಖವೇನೆಂಬುದು ತಿಳಿದೀತು.

ಒಂದು ಮಾಗಿಯ ಸಂಜೆ, ನೆರೆಮನೆಯ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದ ಮುದುಕನೊಬ್ಬನ ಚಿತ್ರವನ್ನು ತೆಗೆದೆ. ನಲವತ್ತು ದಿನಗಳ ಬಿಸಿಲುಂಡ ಅಡಿಕೆಯ ಸುಕ್ಕೂ ಆತನ ಕೈಗಳ ಸುಕ್ಕೂ ಒಂದೇ ಬಣ್ಣದಲ್ಲಿ ಹೊಳೆಯುತ್ತಿದ್ದುವು. ಮಿತ್ರರು ನೋಡಿ ಸಂತೋಷಪಡಲೆಂದು ಆ ಚಿತ್ರವನ್ನು ಅಂತರ್ಜಾಲದಲ್ಲಿ ಹಾಕಿದೆ. ಸಂತೋಷಪಟ್ಟರು, ಆ ಸಂಗತಿಯನ್ನು ನಾನು ಮರೆತೂಬಿಟ್ಟೆ.

ಮರುವರ್ಷ ಮುಳ್ಳೇರಿಯದ ಅಂಗಡಿಯೊಂದಕ್ಕೆ ಹೋದಾಗ ಗೋಡೆಯ ಮೇಲೆ ಕ್ಯಾಲೆಂಡರೊಂದು ತೂಗುತ್ತಿದ್ದಿತು. ಅದರಲ್ಲಿ ಅದೇ ಮುದುಕ, ಅದೇ ಅಂಗಳ, ಅದೇ ಬೆಳಕು! ಕೆಳಗೆ ಒಂದು ವ್ಯಾಪಾರ ಸಂಸ್ಥೆಯ ಹೆಸರು ದಪ್ಪಕ್ಷರಗಳಲ್ಲಿತ್ತು. ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ಮೊದಲು ಹೆಮ್ಮೆಯಾಯಿತು, ಸುಳ್ಳು ಹೇಳಲಾರೆ. ಮನೆ ತಲಪುವಷ್ಟರಲ್ಲಿ ಆ ಹೆಮ್ಮೆ ಕರಗಿ ಸಿಟ್ಟಾಗಿದ್ದಿತು. ಸಂಸ್ಥೆಗೆ ಕಾಗದ ಬರೆದೆ. "ಚಿತ್ರವು ಜಾಲದಲ್ಲಿ ದೊರೆಯಿತು. ಇದರಿಂದ ತಮಗೆ ಪ್ರಚಾರವೇ ದೊರೆತಂತಾಯಿತಲ್ಲವೇ?" ಎಂದು ಉತ್ತರ ಬಂದಿತು. ಹೆಸರನ್ನೇ ಹಾಕದೆ ದೊರಕಿಸಿಕೊಟ್ಟ ಪ್ರಚಾರವು ಎಂತಹುದೋ ನಾನರಿಯೆ. ಬೇಲಿಯಾಚೆ ಬಾಗಿದ ಮರದಿಂದ ಗೊನೆ ಕೊಯ್ದವನು, "ನಿಮ್ಮ ತೋಟದ ಕೀರ್ತಿ ಹಬ್ಬಿತು" ಎಂದರೆ ನಮ್ಮ ಊರಿನಲ್ಲಿ ಯಾರಾದರೂ ಒಪ್ಪುವರೇ?

ಸಿಟ್ಟಿನಿಂದಲಾದರೂ ಕಾನೂನನ್ನು ಓದಿದೆ. ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆ 1957ರದು. ಕವಿತೆ ಬರೆದವನಂತೆಯೇ ಚಿತ್ರ ತೆಗೆದವನೂ ಅದರ ದೃಷ್ಟಿಯಲ್ಲಿ ಕರ್ತೃವೇ. 2012ರ ತಿದ್ದುಪಡಿಯ ಅನಂತರ ಆ ಹಕ್ಕು ಆತನ ಜೀವಿತಕಾಲವಿಡೀ, ಮೃತ್ಯುವಿನ ಮೇಲೆ ಮತ್ತೂ 60 ವರ್ಷಗಳ ಕಾಲ ಉಳಿಯುತ್ತದೆ. ಹಕ್ಕನ್ನು ಇನ್ನೊಬ್ಬನಿಗೆ ವಹಿಸಿಕೊಡುವುದಾದರೆ ಬರಹದಲ್ಲಿಯೇ ಆಗಬೇಕು. ಅವಧಿಯನ್ನು ಕಾಣಿಸದಿದ್ದಲ್ಲಿ ಐದು ವರ್ಷವೆಂದು ತಿಳಿಯತಕ್ಕದ್ದು. ಹಕ್ಕನ್ನು ಮಾರಿದ ಮೇಲೆಯೂ "ಇದು ನನ್ನ ಕೃತಿ" ಎಂದು ಹೇಳಿಕೊಳ್ಳುವ ಅಧಿಕಾರವನ್ನು 57ನೆಯ ವಿಧಿಯು ಕರ್ತೃವಿಗೆ ಉಳಿಸಿದೆ. ಆದರೆ ಇದಕ್ಕೊಂದು ಅಪವಾದವುಂಟು. ಹಣ ಕೊಟ್ಟು ತೆಗೆಯಿಸಿದ ಚಿತ್ರದ ಸ್ವಾಮ್ಯವು, ಬೇರೆ ಕರಾರು ಇಲ್ಲದಿದ್ದರೆ, ತೆಗೆಯಿಸಿದವನಿಗೆ ಸೇರುತ್ತದೆ. ಮದುವೆಯ ಚಿತ್ರಗಳು ಸ್ಟುಡಿಯೋದವನವಲ್ಲ, ಮದುವೆಯ ಮನೆಯವರವು ಎಂಬುದನ್ನು ಸ್ಟುಡಿಯೋದವರೇ ಅನೇಕರು ಅರಿಯರು.

ನನ್ನ ಹಳೆಯ ಶಿಷ್ಯನೊಬ್ಬ ಬೆಂಗಳೂರಿನಲ್ಲಿ ಇದನ್ನೇ ಜೀವನೋಪಾಯ ಮಾಡಿಕೊಂಡಿದ್ದಾನೆ. ಆತ ಊರಿಗೆ ಬಂದಾಗ ನನ್ನ ಗೋಳನ್ನು ಕೇಳಿ ನಕ್ಕು, "ಮಾಷ್ಟ್ರೇ, ನಿಮ್ಮದನ್ನು ಕದ್ದರು. ನಮ್ಮದನ್ನು ನಾವೇ ಕೈಯಾರೆ ಕೊಡುತ್ತೇವೆ" ಎಂದನು. ಸ್ಟಾಕ್ ಫೋಟೋ ಎಂಬ ವ್ಯಾಪಾರದ ಕಥೆ ನನಗೆ ತಿಳಿದದ್ದು ಆಗ. ಲಕ್ಷಾಂತರ ಚಿತ್ರಗಳನ್ನು ಸಂಗ್ರಹಿಸಿಟ್ಟು, ಬೇಕಾದವರಿಗೆ ಬಳಸುವ ಹಕ್ಕನ್ನು ಮಾರುವ ಚಿತ್ರಭಂಡಾರಗಳು ಅವು. 2000ದಲ್ಲಿ ಐಸ್ಟಾಕ್‌ಫೋಟೋ ಎಂಬುದು ಹುಟ್ಟಿದಾಗ ಚಿತ್ರಗಾರರು ತಮ್ಮೊಳಗೆ ಚಿತ್ರಗಳನ್ನು ವಿನಿಮಯ ಮಾಡಿಕೊಳ್ಳುವ ತಾಣವಾಗಿತ್ತಷ್ಟೆ. 2006ರಲ್ಲಿ ಗೆಟ್ಟಿ ಇಮೇಜಸ್ ಅದನ್ನು 5 ಕೋಟಿ ಡಾಲರಿಗೆ ಕೊಂಡಿತು. 2020ರ ಜೂನಿನಲ್ಲಿ ಶಟರ್‌ಸ್ಟಾಕ್ ಸಂಸ್ಥೆಯು ಚಿತ್ರಗಾರನ ಪಾಲನ್ನು ಶೇಕಡ 15ರಿಂದ 40ರ ವರೆಗಿನ ಮೆಟ್ಟಿಲುಗಳಾಗಿ ವಿಂಗಡಿಸಿತು. ವರ್ಷವಿಡೀ ಹತ್ತಿದವನೂ ಜನವರಿ ಬಂದೊಡನೆ ಮತ್ತೆ ಕೆಳಗಿನ ಮೆಟ್ಟಿಲಿಗೆ ಇಳಿಯಬೇಕು. ಒಂದು ಚಿತ್ರಕ್ಕೆ ಹತ್ತು ಸೆಂಟು ದೊರೆಯುವುದೂ ಉಂಟಾಯಿತು. ನಮ್ಮ ಅಧ್ಯಾಪಕರ ಸಂಬಳವನ್ನು ಪ್ರತಿ ಹೊಸವರ್ಷದಂದು ಕೆಲಸಕ್ಕೆ ಸೇರಿದ ದಿನದ ಸಂಬಳಕ್ಕೆ ಇಳಿಸಿದರೆ ಹೇಗಿದ್ದೀತೆಂದು ಓದುಗರು ಊಹಿಸಿಕೊಳ್ಳಬಹುದು. ಅನೇಕರು ತಮ್ಮ ಚಿತ್ರಗಳನ್ನು ಮಾರಾಟದಿಂದ ಹಿಂದೆಗೆದು ಪ್ರತಿಭಟಿಸಿದರು.

"ಹಾಗಾದರೆ ಗತಿಯೇನು?" ಎಂದು ಕೇಳಿದೆ. "ಅಡಿಕೆಯವರ ಗತಿಯೇ" ಎಂದನು. ಆ ಮಾತು ನನ್ನ ಮನಸ್ಸಿಗೆ ನಾಟಿತು. ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಾಗ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಮಂಗಳೂರಿನಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆಯನ್ನು ಕಟ್ಟಿಕೊಳ್ಳಲಿಲ್ಲವೇ? ಚಿತ್ರಗಾರರಲ್ಲಿಯೂ ಅಂತಹ ಪ್ರಯತ್ನಗಳು ನಡೆದಿವೆ. ಚಿತ್ರದ ಸ್ವಾಮ್ಯವು ಪತ್ರಿಕೆಯ ಪಾಲಾಗುತ್ತಿದ್ದ ಕಾಲದಲ್ಲಿ, 1947ರಲ್ಲಿ, ರಾಬರ್ಟ್ ಕಾಪಾ, ಕಾರ್ತಿಯೆ ಬ್ರೆಸೋಂ ಮೊದಲಾದವರು ಮ್ಯಾಗ್ನಮ್ ಎಂಬ ಸಹಕಾರ ಸಂಘವನ್ನು ಹುಟ್ಟಿಸಿ, ಸ್ವಾಮ್ಯವು ತೆಗೆದವನಲ್ಲಿಯೇ ಉಳಿಯುವಂತೆ ಮಾಡಿದರು. ಕೆನಡಾದಲ್ಲಿ 2013ರಲ್ಲಿ ಆರಂಭವಾದ ಸ್ಟಾಕ್ಸಿ ಎಂಬ ಸಹಕಾರಿ ಭಂಡಾರವು ಸಾಮಾನ್ಯ ಮಾರಾಟದಲ್ಲಿ ಅರ್ಧಪಾಲನ್ನು ಚಿತ್ರಗಾರನಿಗೇ ಕೊಡುವ ನಿಯಮವನ್ನಿಟ್ಟುಕೊಂಡಿತು. ಒಬ್ಬೊಬ್ಬನೇ ನಿಂತಾಗ ಬೆಲೆಯನ್ನು ಹೇಳುವವನು ಕೊಳ್ಳುವವನು. ಕೂಡಿ ನಿಂತರೆ ಮಾತ್ರ ಬೆಳೆದವನ ಮಾತಿಗೂ ಬೆಲೆ.

ಇಷ್ಟನ್ನು ತಿಳಿದುಕೊಂಡು, ಕಾಯಿದೆಯ ವಿಧಿಗಳನ್ನು ಕಾಣಿಸಿ ಇನ್ನೊಂದು ಕಾಗದ ಬರೆದೆ. ಎರಡು ತಿಂಗಳ ಮೇಲೆ, ನಾನು ಕೇಳಿದ್ದಕ್ಕಿಂತ ಬಹಳ ಕಡಮೆಯ ಚೆಕ್ಕೊಂದು ಬಂದಿತು. ಗೆದ್ದೆನೆಂಬ ಹುರುಪಿನಿಂದ ಕ್ಯಾಲೆಂಡರನ್ನು ಹಿಡಿದುಕೊಂಡು ಆ ಮುದುಕನ ಮನೆಗೆ ಹೋದೆ. ನಡೆದುದನ್ನೆಲ್ಲ ವಿವರಿಸಿದೆ. ಆತ ಬಹಳ ಹೊತ್ತು ಚಿತ್ರವನ್ನು ನೋಡಿ, "ಮಾಷ್ಟ್ರೇ, ಅವರು ನಿಮ್ಮನ್ನು ಕೇಳಲಿಲ್ಲ, ಸರಿ. ನೀವು ನನ್ನನ್ನು ಕೇಳಿದ್ದಿರೋ?" ಎಂದನು.

ಆತನ ಮಾತಿನಲ್ಲಿ ಕೊಂಕಿರಲಿಲ್ಲ. ಉತ್ತರ ಮಾತ್ರ ನನ್ನಲ್ಲಿರಲಿಲ್ಲ. ಚಿತ್ರದ ಒಡೆಯನಾರೆಂದು ತಿಂಗಳುಗಟ್ಟಲೆ ವಾದಿಸಿದ ನಾನು, ಮುಖದ ಒಡೆಯನನ್ನು ಒಮ್ಮೆಯೂ ನೆನೆದಿರಲಿಲ್ಲ. ನಮ್ಮ ಪಂಚಾಯತಿನವರಿಗೆ ಈ ಪ್ರಶ್ನೆ ಹೊಸತೇನೂ ಅಲ್ಲ. ಎಂಡೋಸಲ್ಫಾನ್ ವಿಷದಿಂದ ನೊಂದ ಊರುಗಳಲ್ಲಿ ಬೆಳ್ಳೂರೂ ಒಂದು. ಈ ಸೀಮೆಯ ಮಕ್ಕಳ ಚಿತ್ರಗಳು ದೇಶದ ಕಣ್ಣನ್ನು ತೆರೆಯಿಸಿದುವು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ತಡೆಯಿತು. ಆ ಚಿತ್ರಗಳನ್ನು ತೆಗೆದವರಿಗೆ ನಾವು ಋಣಿಗಳು. ಆದರೂ ಯಾವ ಮನೆಯ ಮಗುವಿನ ಮುಖ ಯಾವ ದೇಶದ ಗೋಡೆಯ ಮೇಲೆ ತೂಗುತ್ತಿದೆಯೋ, ಆ ತಾಯಿಗೆ ಯಾರು ಹೇಳಿಯಾರು?

ಬಂದ ಹಣದಲ್ಲಿ ಅರ್ಧವನ್ನು ಮುದುಕನ ಮುಂದಿಟ್ಟೆ. ಬೇಡವೆನ್ನುತ್ತಲೇ ಕೊನೆಗೆ ತೆಗೆದುಕೊಂಡನು. ಹೊರಡುವಾಗ ಹಿಂದಿನಿಂದ ಕರೆದು, "ದುಡ್ಡು ಹಾಗಿರಲಿ. ನನಗೊಂದು ಪಟ ಕೊಡಿ. ಇಷ್ಟು ವರ್ಷಕ್ಕೆ ನನ್ನದೆಂದು ಒಂದೂ ಇಲ್ಲ" ಎಂದನು. ಕ್ಯಾಲೆಂಡರಿನ ಮೇಲೆ ಊರೂರು ಸುತ್ತಿದವನ ಮನೆಯ ಗೋಡೆಯಲ್ಲಿ ಆತನ ಚಿತ್ರವಿರಲಿಲ್ಲ!

ಮರುದಿನವೇ ದೊಡ್ಡ ಪ್ರತಿಯೊಂದನ್ನು ಮಾಡಿಸಿ, ಕಟ್ಟು ಹಾಕಿಸಿ ಕೊಟ್ಟೆ. ಅಂದಿನಿಂದ ನನ್ನ ಚೀಲದಲ್ಲಿ ಒಂದು ಸಣ್ಣ ಪುಸ್ತಕವಿದೆ. ಚಿತ್ರ ತೆಗೆಯುವ ಮೊದಲು ಕೇಳುತ್ತೇನೆ. ತೆಗೆದ ದಿನ, ಸ್ಥಳ, ಒಪ್ಪಿದವರ ಹೆಸರು ಬರೆಯುತ್ತೇನೆ. ಒಂದು ಪ್ರತಿಯನ್ನು ತಪ್ಪದೆ ತಲಪಿಸುತ್ತೇನೆ. ನನ್ನ ಚಿತ್ರವನ್ನು ಕೇಳಿ ಬಂದವರಿಗೂ ಎಲ್ಲಿಗೆ, ಎಷ್ಟು ಕಾಲಕ್ಕೆ, ಏನು ಸಂಭಾವನೆ ಎಂಬುದನ್ನು ಬರಹದಲ್ಲಿ ಕೇಳಲು ಈಗ ನಾಚಿಕೆಯಿಲ್ಲ. ಇಂದು ಪ್ರತಿಯೊಬ್ಬ ವಿದ್ಯಾರ್ಥಿಯ ಮನೆಯಲ್ಲಿಯೂ ಮೊಬೈಲಿನೊಳಗೊಂದು ಕ್ಯಾಮರಾ ಇದೆ. ಆದುದರಿಂದ ಈ ಲೆಕ್ಕವನ್ನು ಅವರೂ ಕಲಿತಿರಲಿ. ಬೇರೆಯವರಿಂದ ಬರಬೇಕಾದ ಸಾಲನ್ನು ಬರೆಯುವ ಮೊದಲು ನಾವು ತೀರಿಸಬೇಕಾದ ಸಾಲನ್ನು ಬರೆದುಕೊಳ್ಳುವುದು ಒಳ್ಳೆಯದು.