ಅಪ್ಪನ ಮೀಟರಿನ ಚೀಟಿ

ಬದಿಯಡ್ಕ ಪೇಟೆಯಲ್ಲಿ ಅಪ್ಪ ರೇಡಿಯೋ ರಿಪೇರಿಯ ಅಂಗಡಿ ಇಟ್ಟಿದ್ದ ಕಾಲದಲ್ಲಿ ಅವರ ಮೇಜಿನ ಮೇಲೆ ಮಕ್ಕಳಾದ ನಾವು ಮುಟ್ಟಬಾರದ ವಸ್ತು ಒಂದೇ ಒಂದು: ಬೂದು ಬಣ್ಣದ ವಾಲ್ವ್ ವೋಲ್ಟ್‌ಮೀಟರು. ಮಂಗಳೂರು ಸರಿಯಾಗಿ ಕೇಳುವುದಿಲ್ಲ, ಕಲ್ಲಿಕೋಟೆ ಮಾತ್ರ ಹಿಡಿಯುತ್ತದೆ ಎಂಬ ದೂರಿನೊಂದಿಗೆ ಬರುತ್ತಿದ್ದ ಸೆಟ್ಟುಗಳಿಗೆಲ್ಲ ಅದರ ಮುಳ್ಳು ಹೇಳಿದ್ದೇ ತೀರ್ಪು. (ಮಂಗಳೂರು ಆಕಾಶವಾಣಿ ಶುರುವಾದದ್ದು 1976ರಲ್ಲಿ. ಅದಕ್ಕೂ ಮೊದಲು ಕನ್ನಡ ಬೇಕೆಂದರೆ ರಾತ್ರಿ ಕುಳಿತು ಧಾರವಾಡವನ್ನೋ ಬೆಂಗಳೂರನ್ನೋ ಹುಡುಕಬೇಕಿತ್ತು.)

ಸಾಮಾನ್ಯ ಮೀಟರು ಅಳೆಯುವಾಗ ತಾನೂ ಒಂದಿಷ್ಟು ವಿದ್ಯುತ್ತನ್ನು ಕುಡಿದುಬಿಡುತ್ತದೆ. ಹಾಗಾಗಿ ಸೂಕ್ಷ್ಮವಾದ ಜಾಗಗಳಲ್ಲಿ ಸುಳ್ಳು ಹೇಳುತ್ತದೆ. ವಾಲ್ವ್ ಮೀಟರಿನ ರೋಧ ಸುಮಾರು 11 ಮೆಗಾಓಂ, ಕುಡಿಯುವುದು ಇಲ್ಲವೆನ್ನುವಷ್ಟು ಕಡಿಮೆ. ಒಳಗೆ ಇಸಿಸಿ 82 ಎಂಬ ವಾಲ್ವು. ಒಂದೇ ಗಾಜಿನ ಬುರುಡೆಯಲ್ಲಿ ಎರಡು ಟ್ರಯೋಡುಗಳು, ತಕ್ಕಡಿಯ ಎರಡು ತಟ್ಟೆಗಳಂತೆ. ಒಂದು ತಟ್ಟೆ ವಾಲಿದಷ್ಟು ಮುಳ್ಳು ಓಡುತ್ತದೆ.

ಒಂದು ಮಳೆಗಾಲದಲ್ಲಿ ಆ ವಾಲ್ವು ಸತ್ತಿತು. ಜಾಲಹಳ್ಳಿಯ ಬಿ.ಇ.ಎಲ್. ಕಾರ್ಖಾನೆಯ ವಾಲ್ವುಗಳು ಸುಲಭವಾಗಿ ಸಿಗುತ್ತಿದ್ದ ದಿನಗಳು ಆಗಲೇ ಮುಗಿದಿದ್ದವು, ಎಲ್ಲೆಲ್ಲೂ ಟ್ರಾನ್ಸಿಸ್ಟರು. ಅಪ್ಪ ಡಬ್ಬಿಯಲ್ಲಿದ್ದ ಇಸಿಸಿ 83ನ್ನು ಚುಚ್ಚಿದರು. ಅದೇ ಒಂಬತ್ತು ಪಿನ್ನು, ಅದೇ ಜೋಡಣೆ, ಹೀಟರಿಗೆ ಅದೇ 6.3 ವೋಲ್ಟು. ಕೆಂಪಗೆ ಉರಿಯಿತು, ಸೊನ್ನೆಯೂ ಕೂತಿತು. ಆದರೆ 82ರ ವರ್ಧನಾಂಕ ಸುಮಾರು 17, 83ರದ್ದು 100. ಹೆಚ್ಚಿದ್ದರೆ ಒಳ್ಳೆಯದಲ್ಲವೇ ಎಂದು ನಾನು ಕೇಳಿದ್ದೆ. ಅಲ್ಲವಂತೆ. 83ರಿಂದ ಹರಿಯುವ ಕರೆಂಟು ತೀರ ತೆಳು. ಸ್ವರ ದೊಡ್ಡದು, ತೋಳು ಬಡಕಲು. ಸರಿಪಡಿಸುವ ತಿರುಪನ್ನು ಕೊನೆಯವರೆಗೆ ತಿರುಗಿಸಿದರೂ ಮುಳ್ಳು ತಲುಪಬೇಕಾದಲ್ಲಿಗೆ ತಲುಪಲಿಲ್ಲ.

ಅಪ್ಪ ಒಂದು ಚೀಟಿಯಲ್ಲಿ ಕೆಂಪು ಶಾಯಿಯಿಂದ ‘83 ಇದೆ. ಹತ್ತು ಕಂಡರೆ ಹನ್ನೊಂದು’ ಎಂದು ಬರೆದು ಮುಚ್ಚಳದ ಒಳಗೆ ಅಂಟಿಸಿದರು. ಆಮೇಲಿನ ವರ್ಷಗಳನ್ನೆಲ್ಲ ಮನಸ್ಸಿನಲ್ಲೇ ಲೆಕ್ಕ ಕೂಡಿಸುತ್ತ ಕಳೆದರು.

ಅವರಿಗೆ ಸಿಟ್ಟು ಬಂದದ್ದು ನಾನು ಇಸಿಸಿ 85ನ್ನು ಪ್ರಯತ್ನಿಸಿದ ದಿನ. ಅದಕ್ಕೂ ಒಂಬತ್ತೇ ಪಿನ್ನು, ಒಳಗೂ ಎರಡೇ ಟ್ರಯೋಡು, ಸಾಕೆಟ್ಟಿನಲ್ಲಿ ಸಲೀಸಾಗಿ ಕೂರುತ್ತದೆ. ಆದರೆ ಅದರ ಹೀಟರು 4 ಮತ್ತು 5ನೆಯ ಪಿನ್ನುಗಳ ನಡುವೆ. 82ರ ಸಾಕೆಟ್ಟಿನಲ್ಲಿ ಆ ಎರಡನ್ನೂ ಒಂದಾಗಿ ಬೆಸೆದು, ಒಂಬತ್ತನೆಯದರಿಂದ ಇನ್ನೊಂದು ತಂತಿ ತಂದಿರುತ್ತಾರೆ. ಹಾಗಾಗಿ 85 ಅಲ್ಲಿ ಕೂತೇ ಇರುತ್ತದೆ, ಉರಿಯುವುದಿಲ್ಲ. ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ತಿಳಿಯದ ಅಧ್ಯಾಪಕರು ನೇಮಕವಾದ ಸುದ್ದಿ ಓದಿದಾಗಲೆಲ್ಲ ನನಗೆ ಆ 85 ಕಣ್ಣಿಗೆ ಕಟ್ಟುತ್ತದೆ. ಬಂದವರನ್ನು ದೂರುತ್ತಿಲ್ಲ. 85 ಕೂಡ ಕೆಟ್ಟ ವಾಲ್ವಲ್ಲ. ತನ್ನ ಸಾಕೆಟ್ಟಿನಲ್ಲಿ ಚೆನ್ನಾಗಿಯೇ ಉರಿಯುತ್ತದೆ. ಬೆಂಚಿನ ಮೇಲೆ ಕೂತ ಮಕ್ಕಳು ಮಾತ್ರ ಅಪ್ಪನ ಹಾಗೆ ಹತ್ತನ್ನು ಹನ್ನೊಂದೆಂದು ಓದಿಕೊಳ್ಳಲಾರರು.

ಅಪ್ಪ ಈಗಿಲ್ಲ. ಕಳೆದ ವರ್ಷ ಮಂಗಳೂರಿನ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ರಟ್ಟಿನ ಪೆಟ್ಟಿಗೆಯನ್ನೂ ಬಿಚ್ಚದ 82 ಒಂದು ಸಿಕ್ಕಿತು. ಹೊಸ ವಾಲ್ವು ಕೂಡಲೇ ಒಂದು ನೆಲೆಗೆ ಬರುವುದಿಲ್ಲವಾದ್ದರಿಂದ ಒಂದಿಡೀ ರಾತ್ರಿ ಉರಿಯಲು ಬಿಟ್ಟೆ. ಬೆಳಿಗ್ಗೆ ಸೊನ್ನೆ ಕೂರಿಸಿ ಒಂಬತ್ತು ವೋಲ್ಟಿನ ಹೊಸ ಬ್ಯಾಟರಿಗೆ ಹಿಡಿದರೆ ಮುಳ್ಳು ಹನ್ನೊಂದರ ಹತ್ತಿರಕ್ಕೆ ಹಾರಿತು! ತಿರುಪು ಅಪ್ಪ ಬಿಟ್ಟಲ್ಲೇ, ಕೊನೆಯಲ್ಲೇ ಇತ್ತಲ್ಲ. ಡಿಜಿಟಲ್ ಮೀಟರನ್ನು ಪಕ್ಕಕ್ಕಿಟ್ಟು ಮೆಲ್ಲಗೆ ಹಿಂದಕ್ಕೆ ತಿರುಗಿಸಿದೆ. ಎರಡೂ 9.4 ಎಂದವು.

ಇನ್ನು ಚೀಟಿ. ಅದು ಈಗ ಹೇಳುವುದು ಸುಳ್ಳು. ಕೀಳಲು ಬ್ಲೇಡು ಹಿಡಿದವನು ಬಿಟ್ಟೆ. ಅದರ ಕೆಳಗೆ ನೀಲಿ ಶಾಯಿಯಲ್ಲಿ ‘ಈಗ 82 ಹಾಕಿದೆ. ಹತ್ತು ಕಂಡರೆ ಹತ್ತೇ’ ಎಂದು ಬರೆದು, ಮುಚ್ಚಳದ ನಾಲ್ಕು ತಿರುಪುಗಳನ್ನು ಬಿಗಿದೆ.