ಎರಡು ಕಿವಿ, ಎರಡು ಲೆಕ್ಕ

ಇಚಲಕರಂಜಿಯಲ್ಲಿ ಯಾರಿಗಾದರೂ ಕಿವಿ ಮಂದವಾದರೆ ಕಾರಣ ಹುಡುಕುವ ಪದ್ಧತಿಯೇ ಇಲ್ಲ. "ಮಗ್ಗದ ಊರು, ಮತ್ತೇನಾಗಬೇಕು?" ಎಂದು ಎಲ್ಲರೂ ಸುಮ್ಮನಾಗುತ್ತಾರೆ. 1904ರಲ್ಲಿ ವಿಠ್ಠಲರಾವ್ ದಾತಾರ ಅವರು ಈ ಊರಿಗೆ ಮೊದಲ ಯಂತ್ರಮಗ್ಗ ತಂದರು. ಅಂದಿನಿಂದ ಇಲ್ಲಿಯ ಓಣಿಗಳಲ್ಲಿ ಸಪ್ಪಳ ಬೆಳೆಯುತ್ತಲೇ ಬಂತು. ಮಗ್ಗದಿಂದ ಕಿವಿ ಕೆಡುವುದು ಸುಳ್ಳಲ್ಲ. ಆದರೆ ಎರಡು ಕಿವಿಗಳಲ್ಲಿ ಒಂದು ಮಾತ್ರ ಹೆಚ್ಚು ಮಂದವಾದರೆ ಆ ದೋಷವನ್ನು ಮಗ್ಗದ ತಲೆಗೆ ಕಟ್ಟಿ ಕೂಡ್ರಬಾರದು. ಇದು ನನ್ನ ಅನುಭವಕ್ಕೆ ಬಂದ ಸಂಗತಿ. ನಾನು ಡಾಕ್ಟರನಲ್ಲ, ಮ್ಯಾಟ್ರಿಕ್‌ವರೆಗೆ ಓದಿದ ನೂಲಿನ ವ್ಯಾಪಾರಿ. ಡಾಕ್ಟರು ತಿಳಿಸಿ ಹೇಳಿದ್ದನ್ನು ಓದುಗ ಬಂಧುಗಳ ಮುಂದೆ ಇಡುತ್ತಿದ್ದೇನೆ.

ನಮ್ಮ ಮೂಲ ಊರು ಗಡಹಿಂಗ್ಲಜ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಮ್ಯಾಟ್ರಿಕ್ ಮುಗಿದ ಮೇಲೆ ಸೋದರಮಾವನ ನೂಲಿನ ಅಂಗಡಿಗೆಂದು ಇಚಲಕರಂಜಿಗೆ ಬಂದೆ, ಇಲ್ಲಿಯೇ ನೆಲೆಸಿದೆ. ಅಂಗಡಿಯ ಗೋಡೆಯ ಆಚೆಗೇ ಮಗ್ಗಗಳು. ಲಾಳಿ ಈ ಕಡೆಯಿಂದ ಆ ಕಡೆಗೆ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಬಡಿಸಿಕೊಂಡು ಓಡುವ ಸಪ್ಪಳದಲ್ಲಿಯೇ ನನ್ನ ಜೀವಮಾನದ ಧಂದೆ ನಡೆದಿದೆ. ಈ ಊರಿನಲ್ಲಿ ಎಲ್ಲರೂ ದೊಡ್ಡ ದನಿಯಲ್ಲಿ ಮಾತನಾಡುವುದರಿಂದ ಕಿವಿಯ ಕೊರತೆ ಸುಲಭವಾಗಿ ಗೊತ್ತಾಗುವುದೂ ಇಲ್ಲ.

ನನಗೆ ಗೊತ್ತಾದದ್ದು ಫೋನಿನಿಂದ. ಬಲಗೈ ಬಿಲ್ಲು ಬರೆಯುವ ಕೈ. ಆದ್ದರಿಂದ ಫೋನು ಯಾವಾಗಲೂ ಎಡಗಿವಿಗೆ. ಕಳೆದ ವರ್ಷ ಜುಲೈ ತಿಂಗಳಲ್ಲಿ ಒಂದು ದಿನ ಎಡಗೈಯಲ್ಲಿ ನೂಲಿನ ಕೋನ್ ಇತ್ತೆಂದು ಫೋನನ್ನು ಬಲಗಿವಿಗೆ ಹಿಡಿದೆ. ಗಿರಾಕಿಯ ದನಿ ಬಾವಿಯ ತಳದಿಂದ ಬಂದಂತೆ ಕೇಳಿಸಿತು. ಎಡಗಿವಿಗೆ ಬದಲಿಸಿದರೆ ಸ್ಪಷ್ಟ. ಮತ್ತೆ ಬಲಕ್ಕೆ ತಂದರೆ ಮತ್ತೆ ಬಾವಿ. ಅದೇ ಮನುಷ್ಯ, ಅದೇ ಫೋನು, ಕಿವಿ ಮಾತ್ರ ಬೇರೆ.

ಆ ದಿನ ರಾತ್ರಿ ಕಣ್ಣು ಮುಚ್ಚಿ ಕುಳಿತು, ಕಿವಿಯ ಹತ್ತಿರ ಬೆರಳು ತಿಕ್ಕು ಎಂದು ಮೊಮ್ಮಗನಿಗೆ ಹೇಳಿದೆ. ಎಡಗಡೆಯದು ಕೂಡಲೇ ಕೇಳಿಸಿತು. ಬಲಗಡೆ ಯಾವಾಗ ತಿಕ್ಕುತ್ತಾನೋ ಎಂದು ಕಾಯುತ್ತಿದ್ದೆ. "ಅಜ್ಜಾ, ನಾ ಆಗಿಂದ ತಿಕ್ಕಾಕತ್ತೇನಿ!" ಎಂದ ಹುಡುಗ. ಇಷ್ಟು ದಿನ "ನಿಮಗ ಬೇಕಾದ ಮಾತು ಅಷ್ಟ ಕೇಳಸ್ತದ ಬಿಡ್ರಿ" ಎನ್ನುತ್ತಿದ್ದ ನನ್ನ ಮನೆಯವರು ಅಂದು ನಗಲಿಲ್ಲ. ಊಟದ ಹೊತ್ತಿನಲ್ಲಿ ಅವರು ಕೂಡ್ರುವುದು ನನ್ನ ಬಲಕ್ಕೆ.

ಆಗ ಮತ್ತೊಂದು ಸಂಗತಿಯೂ ಹೊಳೆಯಿತು. ಮೇ ತಿಂಗಳಲ್ಲಿ ಗಡಹಿಂಗ್ಲಜದ ಒಂದು ಮದುವೆಯಲ್ಲಿ ವೈನಿಯವರು ನನ್ನ ಬಲಬದಿಗೆ ಕುಳಿತಿದ್ದರು. ಎಡಗಡೆ ವಾದ್ಯದವರು ಬಾರಿಸುತ್ತಿದ್ದರು. ತಮ್ಮ ಮೊಮ್ಮಗಳನ್ನು ಇಚಲಕರಂಜಿಯ ಕಾಲೇಜಿಗೆ ಹಚ್ಚುವುದಿದೆ, ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೀರೇನು ಎಂದು ಅವರು ಕೇಳಿದ್ದರಂತೆ. ಎರಡು ಸಲ ಕೇಳಿದರೂ ನಾನು ಮುಂದೆ ನೋಡುತ್ತ ಕುಳಿತಿದ್ದೆನಂತೆ. "ರೊಕ್ಕ ಬಂದ ಮ್ಯಾಲ ಮೈದುನಗ ನಮ್ಮ ಮಾತು ಕೇಳಸೂದಿಲ್ಲ" ಎಂದು ಅವರು ನೊಂದುಕೊಂಡ ಸುದ್ದಿ ತಿರುಗಿ ತಿರುಗಿ ನನಗೆ ಬಂದಿತ್ತು. ಅವರು ಕೇಳಿದ್ದೇ ನನಗೆ ತಿಳಿಯದು. ಪೂರ್ತಿ ಕಿವುಡನಾದವನನ್ನು ಜನ ಕಿವುಡನೆಂದು ತಿಳಿಯುತ್ತಾರೆ. ಒಂದೇ ಕಿವಿ ಮಂದವಾದವನನ್ನು ಸೊಕ್ಕಿನವನೆಂದು ತಿಳಿಯುತ್ತಾರೆ.

ಎರಡು ಕಿವಿ ಯಾಕೆ ಬೇಕು? ಒಂದು ಕೆಟ್ಟರೆ ಇನ್ನೊಂದಿರಲಿ ಎಂದಲ್ಲ. ಬಲಗಡೆಯ ಸಪ್ಪಳ ಬಲಗಿವಿಗೆ ಮೊದಲು ಮುಟ್ಟುತ್ತದೆ. ಎಡಗಿವಿಗೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಹೊತ್ತು ತಡವಾಗಿ, ತಲೆ ಅಡ್ಡವಾದ್ದರಿಂದ ಸ್ವಲ್ಪ ಸಣ್ಣದಾಗಿ ಮುಟ್ಟುತ್ತದೆ. ಇಷ್ಟೇ ವ್ಯತ್ಯಾಸ ಹಿಡಿದು ಸಪ್ಪಳ ಯಾವ ದಿಕ್ಕಿನದು ಎಂದು ಮೆದುಳು ಲೆಕ್ಕ ಹಾಕುತ್ತದೆ. ಗದ್ದಲದಲ್ಲಿ ಒಬ್ಬರ ಮಾತನ್ನು ಹೆಕ್ಕಿ ತೆಗೆಯುವುದಕ್ಕೂ ಎರಡು ಕಿವಿ ಬೇಕು. ಒಂದು ಮಂದವಾದರೆ ರಸ್ತೆ ದಾಟುವಾಗ ಹಾರ್ನ್ ಕೇಳಿಸುತ್ತದೆ, ಯಾವ ಕಡೆಯದೆಂದು ತಿಳಿಯುವುದಿಲ್ಲ.

ಆ ವಾರವೇ ಮಗನೊಂದಿಗೆ ಕೊಲ್ಹಾಪುರಕ್ಕೆ ಹೋಗಿ ಕಿವಿ-ಮೂಗು-ಗಂಟಲಿನ ಡಾಕ್ಟರರನ್ನು ಕಂಡೆ. "ಮಗ್ಗದ ಊರಿನವನು ಸಾಹೇಬರೇ" ಎಂದೆ. ಅವರು ಹೇಳಿದ ಮಾತು ನನಗೆ ಮುಖ್ಯವೆನಿಸಿತು. ಎಂಟು ತಾಸಿನ ಕೆಲಸಕ್ಕೆ ಕಾರ್ಖಾನೆ ನಿಯಮದ ಮಿತಿ 90 ಡೆಸಿಬಲ್. ಮಗ್ಗದ ಶೆಡ್ಡಿನಲ್ಲಿ ಇದು ಮೀರುವುದು ಸಾಮಾನ್ಯ. ಆದರೆ ಶೆಡ್ಡಿನ ಸಪ್ಪಳ ಎಲ್ಲ ಕಡೆಯಿಂದ ಬರುತ್ತದೆ, ಆದ್ದರಿಂದ ಎರಡೂ ಕಿವಿಗಳನ್ನು ಹೆಚ್ಚುಕಡಿಮೆ ಸಮವಾಗಿ ಕೆಡಿಸುತ್ತದೆ. ಬಂದೂಕಿನ ಮಾತು ಬೇರೆ. ಬಲಗೈಯವನು ರೈಫಲ್ ಹಾರಿಸುವಾಗ ಎಡಗಿವಿ ನಳಿಗೆಯ ಬಾಯಿಗೆ ಹತ್ತಿರವಾಗುತ್ತದೆ, ಬಲಗಿವಿಗೆ ತಲೆಯ ಮರೆ ಸಿಗುತ್ತದೆ. ಗಡಹಿಂಗ್ಲಜ ಕಡೆಯ ಎಷ್ಟೋ ಮನೆಗಳಲ್ಲಿ ಸೈನ್ಯದಿಂದ ನಿವೃತ್ತರಾದವರಿದ್ದಾರೆ, ಅವರು ಇದನ್ನು ಗಮನಿಸಬೇಕು. "ನೀವು ಬಂದೂಕು ಹಿಡಿದವರಲ್ಲ. ಹಾಗಾದರೆ ಬಲಗಿವಿಯ ಹೆಚ್ಚಿನ ಕೊರತೆಗೆ ಬೇರೆ ಕಾರಣ ಹುಡುಕಬೇಕು" ಎಂದರು.

ಮೊದಲು ಕಿವಿಯಲ್ಲಿ ಗುಗ್ಗೆ ಇದೆಯೇ, ತಮ್ಮಟೆಯ ಪೊರೆ ತೂತಾಗಿದೆಯೇ ಎಂದು ನೋಡಿದರು. ಎರಡೂ ಇರಲಿಲ್ಲ. ಬಳಿಕ ಕವಲುಳ್ಳ ಉಕ್ಕಿನ ಶ್ರುತಿಕವೆಯನ್ನು ಬಡಿದು ನನ್ನ ಹಣೆಯ ನಡುವೆ ಇಟ್ಟು, ಯಾವ ಕಡೆ ಕೇಳಿಸುತ್ತದೆ ಎಂದರು. ಜರ್ಮನಿಯ ವೇಬರ್ ಎಂಬ ವಿದ್ವಾಂಸನ ಹೆಸರಿನ ಪರೀಕ್ಷೆಯಿದು. ಗುಗ್ಗೆಯೋ ನಡುಗಿವಿಯ ದೋಷವೋ ಇದ್ದರೆ ಸಪ್ಪಳ ಮಂದವಾದ ಕಿವಿಯ ಕಡೆಗೇ ಸರಿಯುತ್ತದೆ. ಒಳಗಿವಿಯ ಇಲ್ಲವೆ ನರದ ದೋಷವಿದ್ದರೆ ಒಳ್ಳೆಯ ಕಿವಿಯ ಕಡೆಗೆ ಸರಿಯುತ್ತದೆ. ಬೇಕಾದರೆ ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿ ಬಾಯಿ ಮುಚ್ಚಿಕೊಂಡು ಗುಂಯ್ ಎನ್ನಿರಿ. ಸಪ್ಪಳ ಮುಚ್ಚಿದ ಕಿವಿಯಲ್ಲಿಯೇ ಜೋರಾಗುತ್ತದೆ. ನನಗೆ ಶ್ರುತಿಕವೆಯ ದನಿ ಎಡಕ್ಕೆ, ಅಂದರೆ ಒಳ್ಳೆಯ ಕಿವಿಗೆ ಹೋಯಿತು.

ಆಮೇಲೆ ಸಪ್ಪಳವಿಲ್ಲದ ಕೋಣೆಯಲ್ಲಿ ಆಡಿಯೋಗ್ರಾಮ್ ಮಾಡಿದರು. ಕಾಗದದ ಮೇಲೆ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರದ ಗುರುತು. ನೀಲಿ ಗೆರೆ 30 ಡೆಸಿಬಲ್ ಸುಮಾರಿಗೆ, ಕೆಂಪು ಗೆರೆ 55ರ ಸುಮಾರಿಗೆ ಇಳಿದಿತ್ತು. ಎಡದ ಮಂದತನ ವಯಸ್ಸಿನದು ಮತ್ತು ಮಗ್ಗದ್ದು. ಬಲದ ಹೆಚ್ಚುವರಿ ಕೊರತೆ ಯಾರ ಖಾತೆಗೆ?

ಒಂದು ಬದಿಗೇ ಹೀಗಾದಾಗ ಅಪರೂಪವಾಗಿ ಕಿವಿಯ ನರದ ಮೇಲೆ ಗಡ್ಡೆ ಇರುತ್ತದಂತೆ. ಅದು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುವಂಥದು. ಆದರೂ ಸಣ್ಣದಿದ್ದಾಗಲೇ ಗೊತ್ತಾಗುವುದು ಒಳ್ಳೆಯದೆಂದು ಎಂ.ಆರ್.ಐ. ಮಾಡಿಸಲು ಹೇಳಿದರು. ಕಿವಿಗೆ ಬೆಣೆ ಹಾಕಿ ಒಳಗೆ ಮಲಗಿಸಿದರೂ ಆ ಯಂತ್ರದ ಬಡಿತ ನಮ್ಮ ಮಗ್ಗದ ಶೆಡ್ಡನ್ನೇ ನೆನಪಿಸಿತು. ರಿಪೋರ್ಟು ಮರುದಿನ. ಆ ರಾತ್ರಿ ಕೊಲ್ಹಾಪುರದ ಮಗಳ ಮನೆಯಲ್ಲಿ ನಿದ್ದೆ ಬರಲಿಲ್ಲ. ಗಡ್ಡೆಗಿಂತ ಹೆಚ್ಚಾಗಿ ವೈನಿಯವರ ಮಾತೇ ತಲೆಯಲ್ಲಿತ್ತು. ಏನಾದರೂ ಹೆಚ್ಚುಕಡಿಮೆಯಾದರೆ ಆ ಮನೆಯವರು ನನ್ನನ್ನು ಸೊಕ್ಕಿನವನೆಂದೇ ನೆನೆಯುತ್ತಾರಲ್ಲ ಎಂಬ ಸಂಕಟ.

ಮರುದಿನ ರಿಪೋರ್ಟಿನಲ್ಲಿ ಗಡ್ಡೆ ಇಲ್ಲವೆಂದು ಬಂತು. ಕಾರಣ ಖಚಿತವಾಗಲಿಲ್ಲ, ಎಷ್ಟೋ ಜನರಿಗೆ ಹಾಗೆಯೇ ಆಗುತ್ತದೆ ಎಂದರು. ಬಲಗಿವಿಗೆ ಶ್ರವಣಯಂತ್ರ ಕೊಟ್ಟರು. ಮೊದಮೊದಲು ತಾಟು-ಬಟ್ಟಲಿನ ಸಪ್ಪಳವೂ ಗದ್ದಲವೆನಿಸಿತು, ಕೆಲವು ವಾರಗಳಲ್ಲಿ ರೂಢಿಯಾಯಿತು. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು.

ಆ ರವಿವಾರವೇ ಗಡಹಿಂಗ್ಲಜಕ್ಕೆ ಹೋಗಿ ಅಣ್ಣ-ವೈನಿಯವರ ಮುಂದೆ ಕೆಂಪು-ನೀಲಿ ಗೆರೆಯ ಕಾಗದ ಇಟ್ಟೆ. ವೈನಿಯವರು ಬಹಳ ಹೊತ್ತು ಅದನ್ನು ನೋಡಿ, ಎದ್ದು ಬಂದು ನನ್ನ ಎಡಕ್ಕೆ ಕುಳಿತರು. ಮತ್ತೆ ಅದೇ ಪ್ರಶ್ನೆ ಕೇಳಿದರು. ಹುಡುಗಿ ಈಗ ನಮ್ಮ ಮನೆಯಲ್ಲಿದ್ದು ಓದುತ್ತಿದ್ದಾಳೆ.

ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಪೇಟೆಯ ಒಬ್ಬರಿಗೆ ಬೆಳಿಗ್ಗೆ ಏಳುವಾಗ ಒಂದು ಕಿವಿ ಬಂದಾಗಿತ್ತು. ತಿಂಗಳುಗಟ್ಟಲೆ ಬಿಸಿ ಎಣ್ಣೆ ಬಿಟ್ಟುಕೊಂಡರು. ಡಾಕ್ಟರರ ಹತ್ತಿರ ಹೋಗುವಷ್ಟರಲ್ಲಿ ಔಷಧದ ವೇಳೆ ಮೀರಿತ್ತು. ಹೀಗೆ ಒಮ್ಮೆಲೇ ಬರುವ ಕಿವುಡು ತುರ್ತಿನ ಕಾಯಿಲೆ. ಸ್ಟೆರಾಯ್ಡ್ ಔಷಧ ಮೊದಲ ಕೆಲವು ದಿನಗಳಲ್ಲಿ ಸಿಕ್ಕರೆ ಗುಣ ಹೆಚ್ಚು, ವಾರಗಳು ಕಳೆದಂತೆ ಆಸೆ ಕಡಿಮೆ. ಅದೇ ದಿನ ಹೋಗಿರಿ. ಒಂದೇ ಕಿವಿಯಲ್ಲಿ ನಿಲ್ಲದ ಗುಂಯ್‌ಗುಟ್ಟುವಿಕೆ, ತಲೆ ತಿರುಗುವುದು ಇದ್ದರೂ ತೋರಿಸಿರಿ. ಕಡ್ಡಿ, ಪಿನ್ನು, ಎಣ್ಣೆ ಬೇಡ. ಕೊಲ್ಹಾಪುರದಲ್ಲಿ ಸಿ.ಪಿ.ಆರ್. ಸರಕಾರಿ ಆಸ್ಪತ್ರೆಯಿದೆ. ಹೆಚ್ಚಿನ ತಪಾಸಣೆಗೆ ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್-ಶ್ರವಣ ಸಂಸ್ಥೆಯಿದೆ, ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಪಂಚೇಂದ್ರಿಯಗಳಲ್ಲಿ ಕಿವಿ ಐದನೆಯದೆಂದು ನಾವು ಚಿಕ್ಕಂದಿನಿಂದ ಪಾಠಶಾಲೆಯಲ್ಲಿ ಕಲಿತಿದ್ದೇವೆ. ಪ್ರವಚನ, ಮನೆಯವರ ಸುಖದುಃಖ ಎಲ್ಲವೂ ಇದರಿಂದಲೇ ಒಳಗೆ ಬರಬೇಕು. ಆದ್ದರಿಂದ ಮನೆಯ ಹಿರಿಯರನ್ನು ಕೂಡ್ರಿಸಿ ಕಣ್ಣು ಮುಚ್ಚಿಸಿ, ಎರಡೂ ಕಿವಿಗಳ ಹತ್ತಿರ ಬೆರಳು ತಿಕ್ಕಿ ನೋಡಿರಿ. ಫೋನನ್ನು ಒಮ್ಮೆ ಕಿವಿ ಬದಲಿಸಿ ಕೇಳಲು ಹೇಳಿರಿ. ಇದಕ್ಕೆ ಐದು ನಿಮಿಷ ಸಾಕು, ಖರ್ಚೂ ಇಲ್ಲ. ಎರಡು ಕಿವಿಗಳ ಲೆಕ್ಕ ತಾಳೆಯಾಗದಿದ್ದರೆ ಮಗ್ಗವನ್ನಾಗಲಿ ವಯಸ್ಸನ್ನಾಗಲಿ ದೂರದೆ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿರಿ.